ತೊಟ್ಟಿಲಿಗೆ ಬಾಗಿ ಅಕ್ಕ ಆಡಿದ ಮಾತು

ನಮ್ಮ ಮನೆಯಲ್ಲಿ ಮೂರನೆಯ ಹೆಣ್ಣಾಗಿ ಹುಟ್ಟಿದ ಅಕ್ಕನಿಗೆ ‘ಹೆಣ್ಣು ಸಾಕು’ ಎಂಬ ಅರ್ಥದ ಹೆಸರಿಟ್ಟಿದ್ದರು. ಹಾಗೆ ಕರೆದರೆ ಮುಂದಿನದು ಗಂಡಾಗುತ್ತದೆ ಎಂಬ ನಂಬಿಕೆ. ಆಮೇಲೆ ನಾನು ಹುಟ್ಟಿದೆ. ಹೆಸರು ಫಲ ಕೊಟ್ಟಿತು ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ಆ ಹೆಸರು ಏನು ಮಾಡಿತೆಂದು ಹತ್ತಿರದಿಂದ ನೋಡಿದವನು ನಾನು. ಅಕ್ಕ ಎರಡನೇ ಸಲ ಸಾರು ಕೇಳುತ್ತಿರಲಿಲ್ಲ. ಖಾಲಿ ಬಸ್ಸಿನಲ್ಲೂ ಸೀಟಿನ ತುದಿಗೆ ಕೂರುತ್ತಿದ್ದಳು, ಯಾರೋ ಎಬ್ಬಿಸಲು ಬರುತ್ತಾರೆ ಎನ್ನುವಂತೆ.

ಅಕ್ಕನನ್ನು ಯಂಕಂಚಿಗೆ ಕೊಟ್ಟಿದ್ದೇವೆ. ಅವಳು ಬಂದಾಗಲೆಲ್ಲ ನನ್ನ ಹೆಂಡತಿ ಬಾಗಿಲಿಗೇ ಹೋಗಿ, “ಬರ್ರಿ ಅಕ್ಕಾರ, ನಿಮ್ಮ ಹಾದೀನ ನೋಡಾಕತ್ತಿದ್ದೆ” ಎನ್ನುತ್ತಿದ್ದಳು. ಮೊದಮೊದಲು ಅಕ್ಕ, “ನನ್ನ ಹಾದಿ ಏನ್ ನೋಡ್ತಿ ಬಿಡವಾ” ಎಂದು ತಲೆ ತಗ್ಗಿಸುತ್ತಿದ್ದಳು. ಕೆಲವು ವರ್ಷಗಳಲ್ಲಿ ತಾನೇ ಬಾಗಿಲಲ್ಲಿ ನಿಂತು, “ಯಾಕ, ಇವತ್ತ ನನ್ನ ಹಾದಿ ನೋಡಲಿಲ್ಲೇನು?” ಎಂದು ಜಬರಿಸತೊಡಗಿದಳು.

ಹೋದ ವರ್ಷ ನಮಗೂ ಮೂರನೆಯ ಹೆಣ್ಣಾಯಿತು. ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿದರು. ಮಗುವಿನ ಕಿವಿಯಲ್ಲಿ ಹೆಸರು ಕೂಗುವವಳು ಸೋದರತ್ತೆ, ಈ ಸಲ ಅಕ್ಕ. ಅವಳು ‘ಕುರ್‍ರ್’ ಎಂದು ಕೂಗುತ್ತಿದ್ದಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ.

ಅವ್ವ ಎಲ್ಲರ ಮುಂದೆ ಅಕ್ಕನಿಗೆ, “ನಿನ್ನ ಹೆಸರನ್ನ ಇಡವಾ. ನಿನ್ನ ಬೆನ್ನಿಗಿ ಗಂಡ ಹುಟ್ಟೈತಿ” ಅಂದಳು. ಆ ಹೆಸರು ಬೇಡವೆಂದು ನಾನೂ ಹೆಂಡತಿಯೂ ಅವ್ವನಿಗೆ ಮೊದಲೇ ಹೇಳಿದ್ದೆವು. ಗಂಡು ಹುಟ್ಟದ ವರ್ಷಗಳಲ್ಲಿ ಅವ್ವನೂ ಊರವರ ಮಾತು ಕೇಳಿ ಬೆಂದವಳೇ, ಅದು ನನಗೆ ಗೊತ್ತು. ಆದರೂ ಬೇಡ. ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ತೊಟ್ಟಿಲಿಗೆ ಬಾಗಿದ್ದಳು. ತೊಟ್ಟಿಲ ಹಗ್ಗ ಹಿಡಿದುಕೊಂಡಳು.

“ನೀ ನಮಗ ಬೇಕಾದಾಕಿ” ಎಂದಳು, ಪಡಸಾಲೆಗೆಲ್ಲ ಕೇಳುವಂತೆ. “ನಿನ್ನ ಹಾದಿ ನೋಡಿ ಕರಕೊಂಡೇವಿ.”

ಗುದ್ದಲು ಎತ್ತಿದ ಕೈಗಳು ಅಲ್ಲೇ ನಿಂತವು.

“ಇದೇನ ಹೆಸರ? ಹುಚ್ಚಿ ಏನ ನೀ?” ಅವ್ವ ಗದರಿದಳು.

“ಹೆಸರಲ್ಲ ಬೇ. ನನಗ ಯಾರೂ ಹೇಳಲಿಲ್ಲ. ಇಕಿಗಿ ನಾ ಹೇಳಾಕತ್ತೇನಿ.”

“ನಾಳಿ ಗಂಡ ಹುಟ್ಟಲಿಲ್ಲಂದ್ರ?”

“ಇಕಿ ಹುಟ್ಟ್ಯಾಳಲ್ಲ, ಕಾಣಂಗಿಲ್ಲೇನ ನಿನಗ?”

ಮೂಲೆಯಲ್ಲಿದ್ದ ಪಕ್ಕದ ಮನೆಯ ಮುದುಕಿ, “ಜಗಳ ಆಮ್ಯಾಲ ಆಡ್ರೆವಾ. ಕೈ ಎತ್ತಿ ಎತ್ತಿ ರಟ್ಟಿ ನೋಯಾಕತ್ತಾವ, ಹೆಸರ ಹೇಳ್ರಿ, ಗುದ್ದತೇನಿ” ಎಂದಳು. ಯಾರೋ ನಕ್ಕರು.

ಹೆಂಡತಿ ತಾನು ಆರಿಸಿದ್ದ ಹೆಸರನ್ನು ಹೇಳಿದಳು. ಅಕ್ಕ ಅದನ್ನೇ ಕಿವಿಯಲ್ಲಿ ಕೂಗಿದಳು. ಗುದ್ದುಗಳು ಬಿದ್ದವು. ಅವ್ವ ಗುದ್ದಲಿಲ್ಲ, ಎದ್ದು ಒಳಗೆ ಹೋದಳು.

ಈಗಲೂ ಅವ್ವ ಹಟಕ್ಕೆ ಬಿದ್ದು ಒಮ್ಮೊಮ್ಮೆ ಅಕ್ಕನ ಆ ಹೆಸರಿನಿಂದಲೇ ಕೂಸನ್ನು ಕರೆಯುತ್ತಾಳೆ. ಕೂಸು ತಿರುಗಿ ನೋಡುವುದಿಲ್ಲ. ನೋಡು ಎಂದು ನಾವೂ ಹೇಳಿಕೊಡುವುದಿಲ್ಲ.