ವೈನಿಯ ಎರಡು, ರಕ್ತದ ಲೆಕ್ಕ

"ಹತ್ತರಲ್ಲಿ ಎಷ್ಟು ನೋವಿದೆ?" ಎಂದು ನರ್ಸ್ ಮರಾಠಿಯಲ್ಲಿ ಕೇಳಿದರು. ನಮ್ಮ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಎಡಗಾಲಿನ ಮೊಣಕಾಲು ಬದಲಿಸಿಕೊಂಡು ಇನ್ನೂ ಒಂದು ದಿನ ಆಗಿರಲಿಲ್ಲ. ಮಂಚದ ಸುತ್ತ ನಾವು ಹತ್ತು ಹನ್ನೆರಡು ಜನ. ವೈನಿ ಎಲ್ಲರ ಮುಖ ನೋಡಿ ನಕ್ಕರು.

"ಎರಡು."

"ನಮ್ಮ ವೈನಿ ಭಾಳ ಗಟ್ಟಿ ಬಿಡ್ರಿ!" ಎಂದವನು ನಾನೇ.

ಅದು ಎರಡು ವರ್ಷದ ಹಿಂದಿನ ಮಾತು. ವೈನಿ ಹೇಳಿದ ಆ "ಎರಡು" ಅಪ್ಪಟ ಸುಳ್ಳು ಎಂದು ತಿಳಿಯಲು ನಮಗೆ ಮೂರು ತಿಂಗಳು ಬೇಕಾಯಿತು. ನೋವು ತಾಳಲಾರದೆ ಅವರು ವ್ಯಾಯಾಮ ತಪ್ಪಿಸುತ್ತಿದ್ದರು. ಕಾಲು ಬಿಗಿದುಕೊಂಡಿತು, ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಯಾಕೆ ಹೇಳಲಿಲ್ಲ? ನಮ್ಮ ಧಾರವಾಡದ ಕಡೆಯವರಿಗೆ ಪೇಶಂಟ್ ನೋಡಲು ಹೋಗುವುದೂ ಒಂದು ಸಮಾರಂಭ. ಫ್ಲಾಸ್ಕಿನಲ್ಲಿ ಚಹಾ, ಚೀಲದಲ್ಲಿ ಎಳನೀರು, ಜೊತೆಗೆ ಇಡೀ ಬಳಗ. (ಪುಣೆಗೆ ಬಂದು ಮೂವತ್ತು ವರ್ಷವಾದರೂ ಈ ಚಟ ಬಿಟ್ಟಿಲ್ಲ.) ಬಂದವರ ಮುಂದೆ ನರಳಿದರೆ ಅವರಿಗೆ ಬೇಜಾರಾಗುವುದಿಲ್ಲವೇ? ಮಲಗಿದಲ್ಲಿಂದಲೇ "ಚಹಾ ಆತೇನ್ರಿ?" ಎಂದು ವಿಚಾರಿಸಿಕೊಳ್ಳುವ ಹೆಂಗಸು ನಮ್ಮ ವೈನಿ.

ಕಳೆದ ತಿಂಗಳು ಬಲಗಾಲಿನ ಸರದಿ. ಇದೂ ಬಿಗಿದುಕೊಂಡರೆ ವ್ಹೀಲ್‌ಚೇರೇ ಗತಿ. ಅಣ್ಣ ಊಟ ಬಿಟ್ಟಿದ್ದ.

ಪುಣೆಯ ಶಿವಾಜಿನಗರದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಆಪರೇಷನ್‌ಗೆ ಮೊದಲೇ ಒಪ್ಪಿಗೆ ಕೇಳಿ, ಒಂದು ಟ್ಯೂಬು ರಕ್ತ ಹೆಚ್ಚಿಗೆ ತೆಗೆದುಕೊಂಡರು. "ಇದ್ಯಾಕೆ?" ಎಂದೆ.

ಆಪರೇಷನ್ ಆದಮೇಲೆ ಯಾರಿಗೆ ನೋವು ಜಾಸ್ತಿ ಕಾಡಬಹುದು ಎಂಬುದರ ಸುಳಿವು ರಕ್ತದಲ್ಲಿ ಮೊದಲೇ ಸಿಗುತ್ತದೆಯೇ ಎಂದು ನೋಡುತ್ತಿದ್ದಾರಂತೆ. ಉರಿಯೂತದ ಗುರುತುಗಳಂತೆ, ಇನ್ನೂ ಏನೇನೋ ಅಂತೆ. "ಖಾತ್ರಿ ಅಲ್ಲ ಕಾಕಾ, ಅಂದಾಜು. ಮಳೆಯ ಮುನ್ಸೂಚನೆ ಇದ್ದ ಹಾಗೆ. ಛತ್ರಿ ಇಟ್ಟುಕೊಂಡರೆ ನಷ್ಟವೇನು?" ಎಂದರು ಮರಾಠಿಯಲ್ಲಿ.

ವೈನಿಯ ರಕ್ತ ಜೋರು ಮಳೆಯನ್ನೇ ಹೇಳಿತು. ಡಾಕ್ಟರು ಹಳೇ ಮೊಣಕಾಲಿನ ಕಥೆಯನ್ನೂ ಕೂತು ಕೇಳಿಸಿಕೊಂಡರು. ಕಾಲಿನ ನರಕ್ಕೆ ಮದ್ದು ಹರಿಸುವ ಸಣ್ಣ ನಳಿಗೆಯನ್ನು ಆಪರೇಷನ್ ದಿನವೇ ಕೂರಿಸಿದರು.

ಮರುದಿನ ಮತ್ತೆ ಅದೇ ಬಳಗ, ಅದೇ ಪ್ರಶ್ನೆ. ವೈನಿ ನಕ್ಕು, "ಎರಡು" ಎಂದರು!

ಡಾಕ್ಟರು ಆ "ಎರಡ"ನ್ನು ಬರೆದುಕೊಳ್ಳಲಿಲ್ಲ. ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಫೋನ್ ಚಾರ್ಜಿಗೆ ಹಾಕುವ ನೆಪದಲ್ಲಿ ನಾನೊಬ್ಬ ಬಾಗಿಲ ಬಳಿ ಉಳಿದೆ. (ಅಂಕಣ ಬರೆಯುವವನಿಗೆ ನಾಚಿಕೆ ಕಡಿಮೆ.) ಅವರು ಸ್ಟೂಲ್ ಎಳೆದು ಕೂತು, ವೈನಿಯ ಕೈ ಹಿಡಿದು, "ಕಾಕು, ಖರಂ ಸಾಂಗಾ" ಎಂದರು. ನಿಜ ಹೇಳಿ, ಅಷ್ಟೇ.

ವೈನಿ ಎರಡೂ ಕೈ ಎತ್ತಿ, ಒಂದು ಹೆಬ್ಬೆರಳು ಮಾತ್ರ ಮಡಚಿದರು. ಒಂಬತ್ತು. ಆಮೇಲೆ ಅಳತೊಡಗಿದರು. ನನ್ನ ಕಣ್ಣೂ ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಮದ್ದು ಹೆಚ್ಚಾಯಿತು. ಮೂರನೇ ದಿನ ವೈನಿ "ಅಯ್ಯಯ್ಯ ಯವ್ವಾ, ಸಾಯ್ತೀನಿ!" ಎಂದು ಕಾರಿಡಾರ್ ತುಂಬ ಕೇಳುವಂತೆ ಕೂಗುತ್ತಲೇ ಮೊಣಕಾಲು ಮಡಚಿದರು. ಅಷ್ಟು ಚಂದದ ಕೂಗನ್ನು ನಾನು ಕೇಳಿಲ್ಲ. ಈಗ ಮಗರಪಟ್ಟಾದ ಮನೆಯಲ್ಲಿ ಆ ಕಾಲು ಸಲೀಸಾಗಿ ಮಡಚುತ್ತದೆ.

ರಕ್ತದ ಈ ವಿದ್ಯೆ ಇನ್ನೂ ಎಳೆಯದು. ನಾಳೆ ಎಷ್ಟು ನಿಜವಾಗುತ್ತದೋ ಬಲ್ಲವರು ಹೇಳಬೇಕು. ಆದರೂ ಅದಕ್ಕೊಂದು ನಮಸ್ಕಾರ. ನಗುಮುಖ ನೋಡಿ ಮೋಸ ಹೋಗಬೇಡಿ ಎಂದು ಆ ಒಂದು ಟ್ಯೂಬು ಡಾಕ್ಟರನ್ನು ಮೊದಲೇ ಎಚ್ಚರಿಸಿತ್ತು. ಎಚ್ಚರಿಕೆ ಕೇಳಿ ಸ್ಟೂಲ್ ಎಳೆದು ಕೂತ ಆ ಹುಡುಗಿಗೆ ಇನ್ನೂ ದೊಡ್ಡ ನಮಸ್ಕಾರ.

ಡಿಸ್ಚಾರ್ಜ್ ದಿನ ಅಣ್ಣ, "ನಮ್ಮಾಕಿ ಮೊದಲಿಂದನೂ ಹಿಂಗ. ಏನಾದ್ರೂ ಬಾಯಿ ಬಿಡಂಗಿಲ್ಲ" ಎಂದ, ಅವತ್ತು ನನಗಿದ್ದ ಅದೇ ಹೆಮ್ಮೆಯಿಂದ.

ವೈನಿ ಚಪ್ಪಲಿ ಹಾಕಿಕೊಳ್ಳುತ್ತ ತಣ್ಣಗೆ ಅಂದರು: "ಮಂದೀನ್ನ ಹೊರಗ ಕಳಿಸಿ, ಒಮ್ಮೆರ ಕೇಳಿದ್ರೇನು ನೀವು?"