ಮುರಿದ ಬೋಲ್ಟಿನ ಒಳಗಿನ ತುಕ್ಕು

ಮೆಕ್ಯಾನಿಕ್ ಗೆಳೆಯರೇ, ಚಿಂತಾಮಣಿಯ ಗ್ಯಾರೇಜ್ ಮಾಲೀಕರು ನಿಮಗೆ ಗುರುತಿನ ಚೀಟಿ ಕೊಡುತ್ತೇವೆ ಎಂದರು, ಕೊಡಲಿಲ್ಲ. ಬೋಲ್ಟ್ ಮುರಿದರೆ ಮೆಕ್ಯಾನಿಕ್‌ನನ್ನು ದೂರುವುದಿಲ್ಲ ಎಂದರು, ನಿನ್ನೆ ಅದೇ ನೆಪದಲ್ಲಿ ಒಬ್ಬನನ್ನು ಕೆಲಸದಿಂದ ತೆಗೆದರು.

ಇವತ್ತು ಅವನು ನಮ್ಮ ಮನೆಗೆ ಬಂದಾಗ, ಅವನ ಅಂಗಿಯ ಆಯಿಲ್ ವಾಸನೆಗೆ ನನಗೆ ಅಪ್ಪ ನೆನಪಾದ. ಅಪ್ಪನೂ ಮೆಕ್ಯಾನಿಕ್ಕೇ. ಎಂಜಿನ್‌ನೊಳಗೆ ಮುರಿದು ಕೂತ ಬೋಲ್ಟನ್ನು ಡ್ರಿಲ್ ಹಾಕಿ ಬಿಡಿಸಿ, ತುಂಡುಗಳನ್ನು ಜೇಬಿಗಿಳಿಸುತ್ತಿದ್ದ.

"ನಾನು ಬಟ್ಟೆ ಒಗೀಲೋ, ಕಬ್ಬಿಣ ಒಗೀಲೋ?" ಎಂದು ಅಮ್ಮ ರೇಗುತ್ತಿದ್ದಳು.

ಅಪ್ಪ ತುಂಡನ್ನು ಬಿಸಿಲಿಗೆ ಹಿಡಿದು ನನಗೆ ತೋರಿಸುತ್ತಿದ್ದ. "ನೋಡಮ್ಮ, ಮುರಿದ ಕಡೆ ಅರ್ಧ ತುಕ್ಕು, ಅರ್ಧ ಹೊಳಪು. ನಾನು ಮುಟ್ಟೋಕೆ ಮುಂಚೇನೇ ಬಿರುಕು ಬಿಟ್ಟಿತ್ತು. ಇದನ್ನ ಬಿಸಾಕಿದ್ರೆ ಓನರ್ರು ತಪ್ಪನ್ನ ನನ್ನ ಮೇಲೇ ಹಾಕ್ತಾನೆ."

ನಿನ್ನೆ ಮುರಿದ ತುಂಡೆಲ್ಲಿ ಎಂದು ಬಂದವನನ್ನು ಕೇಳಿದೆ. ಅವನ ಮಾಲೀಕ ಅದನ್ನು ಆಗಲೇ ಗುಜರಿಗೆ ಹಾಕಿಸಿದನಂತೆ. ಅಷ್ಟು ಅವಸರವೇಕೆ?

ನಿಮ್ಮ ಕೈಯಲ್ಲಿ ಮುರಿದ ಬೋಲ್ಟಿನ ತುಂಡುಗಳನ್ನು ಜೇಬಲ್ಲಿಟ್ಟುಕೊಂಡೇ ನಮ್ಮ ಮೆಕ್ಯಾನಿಕ್‌ಗಳ ಸಭೆಗೆ ಬನ್ನಿ. ಬಸ್ ನಿಲ್ದಾಣದ ಎದುರು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.