ಹುಲ್ಲಜ್ಜ ತುಂಬಿಸಿದ ಚರಂಡಿ

ವಿಮಾನ ಹಾರಿಸಲು ಕಲಿಸುವ ಶಾಲೆಯಲ್ಲಿ ಮೂವತ್ತು ವರ್ಷ ಹುಲ್ಲು ಕತ್ತರಿಸಿದ ಹುಲ್ಲಜ್ಜ ಒಂದು ದಿನವೂ ವಿಮಾನ ಹತ್ತಿದವನಲ್ಲ. ಒಳ್ಳೆಯ ಮನುಷ್ಯ, ಆದರೆ ಸೋಮಾರಿ. ಅವನ ಹೆಂಡತಿಯನ್ನು ಕೇಳಿದ್ದರೆ ಎರಡನೆಯದನ್ನೇ ಮೊದಲು ಹೇಳುತ್ತಿದ್ದಳು. ಚಹಾ ಆರಿಹೋದರೆ, ಬಿಸಿ ಮಾಡಲು ಏಳುವ ಬದಲು, ತಣ್ಣಗಿನದೇ ಹೊಟ್ಟೆಗೆ ಒಳ್ಳೆಯದೆಂದು ವಾದಿಸುವ ಪೈಕಿ.

ಇರಲಿ, ಚರಂಡಿಯ ವಿಷಯಕ್ಕೆ ಬರೋಣ. ರನ್‌ವೇ ಮುಗಿದ ಮೇಲೆ ತುಸು ಬಯಲು, ಆಮೇಲೆ ಎದೆಯಾಳದ ಚರಂಡಿ, ಅದರಾಚೆ ತಂತಿಬೇಲಿ. ಕತ್ತರಿಸಿದ ಹುಲ್ಲನ್ನು ಗೇಟಿನ ಬಳಿಯ ಗುಂಡಿಗೆ ಒಯ್ಯಬೇಕೆಂದು ಆಜ್ಞೆ. ಅಷ್ಟು ದೂರ ಯಾರು ಹೊರುತ್ತಾರೆ! ಹುಲ್ಲಜ್ಜ ಎಲ್ಲವನ್ನೂ ಚರಂಡಿಗೆ ಸುರಿದು, ಕಾಣದಂತೆ ಮೇಲಿಷ್ಟು ಮಣ್ಣೆಳೆದು, ಕೈ ಕೊಡವಿಕೊಳ್ಳುತ್ತಿದ್ದ. ಹೀಗೇ ವರ್ಷಗಳು ಕಳೆದು ಚರಂಡಿ ನೆಲಕ್ಕೆ ಸಮವಾಯಿತು. ಒಂದು ಮಳೆಗಾಲ ನೀರು ಹರಿಯಲು ದಾರಿಯಿಲ್ಲದೆ ಮ್ಯಾನೇಜರರ ಕೋಣೆಗೇ ನುಗ್ಗಿತು. ಗುಟ್ಟು ರಟ್ಟಾಯಿತು.

"ಸೋಮವಾರದೊಳಗೆ ಪೂರ್ತಿ ಖಾಲಿ ಮಾಡು. ಇಲ್ಲಾಂದ್ರೆ ಕೆಲಸಕ್ಕೆ ಬರ್ಲೇಬೇಡ," ಎಂದು ಮ್ಯಾನೇಜರ್ ಗುಡುಗಿದರು.

ಶನಿವಾರ ಬೆಳಿಗ್ಗೆ ಸಲಿಕೆ ಹಿಡಿದು ಹೋದ ಹುಲ್ಲಜ್ಜ, ಮೊದಲು ಸ್ವಲ್ಪ ಸುಧಾರಿಸಿಕೊಳ್ಳೋಣ ಎಂದು ಬೇಲಿಯ ಕಂಬಕ್ಕೊರಗಿ ಕೂತ. ಅಂದು ಶಾಲೆಯ ವಿದ್ಯಾರ್ಥಿನಿ ಕಡ್ಡಿ ಮೊದಲ ಬಾರಿಗೆ ಒಬ್ಬಳೇ ವಿಮಾನ ಹಾರಿಸುತ್ತಿದ್ದಳು. ಬಡಕಲು ಹುಡುಗಿ, ಅದಕ್ಕೇ ಆ ಹೆಸರು. ಪಾಠ ಮುಗಿದರೆ ಸಾಕು, ಓಡಿಬಂದು, "ಅಜ್ಜಾ, ಇವತ್ತೂ ಮೇಷ್ಟ್ರು ಬೈದ್ರು," ಎಂದು ವರದಿ ಒಪ್ಪಿಸುವವಳು. ದಿನಾ ಅವಳ ಪಕ್ಕ ಕೂರುತ್ತಿದ್ದ ಮೇಷ್ಟ್ರೋ, ಮೂಟೆಯಂಥ ಆಸಾಮಿ. ಆ ಭಾರ ಇಳಿದ ಪುಟ್ಟ ವಿಮಾನ ಅಂದು ನೆಲ ಮುಟ್ಟಲೇ ಒಪ್ಪಲಿಲ್ಲ. ತೇಲಿತು, ತೇಲಿತು, ರನ್‌ವೇ ಇನ್ನೇನು ಮುಗಿಯಿತು ಎನ್ನುವಾಗ ಚಕ್ರ ಊರಿತು. ಬ್ರೇಕಿಗೆ ನಿಲ್ಲದೆ ಬಯಲು ದಾಟಿ ನೇರ ಚರಂಡಿಯತ್ತ ನುಗ್ಗಿತು.

ಹುಲ್ಲಜ್ಜ ಎದ್ದು ಪಕ್ಕಕ್ಕೆ ಹಾರಿದ ವೇಗವನ್ನು ಹೆಂಡತಿ ಕಂಡಿದ್ದರೆ, ಇವನು ನನ್ನ ಗಂಡನೇ ಅಲ್ಲ ಎನ್ನುತ್ತಿದ್ದಳು.

ಕೊಳೆತ ಹುಲ್ಲಿನೊಳಗೆ ಚಕ್ರಗಳು ಹತ್ತಿಯ ಹಾಸಿಗೆಗೆ ಬಿದ್ದಂತೆ ಹೂತವು. ಮೂತಿ ಬಾಗಿತು, ಪ್ರೊಪೆಲ್ಲರ್ ಸೊಟ್ಟಗಾಯಿತು, ವಿಮಾನ ನಿಂತೇಬಿಟ್ಟಿತು. ಹುಲ್ಲಜ್ಜ ಓಡಿಹೋಗಿ ಬಾಗಿಲೆಳೆದ.

"ಮಗಾ, ಕೈಕಾಲು ಆಡ್ಸು! ಆಡ್ಸು ನೋಡೋಣ!"

ತುಟಿ ಒಡೆದಿತ್ತು, ಅಷ್ಟೇ. "ಅಜ್ಜಾ, ನಿಮ್ಮ ಹುಲ್ಲೆಲ್ಲ ಹಾಳಾಯ್ತು," ಎಂದು ಕಡ್ಡಿ ಗೊಳೋ ಎಂದಳು.

"ಹುಲ್ಲಿಗೇನು ತಾಯಿ, ಮತ್ತೆ ಬರುತ್ತೆ. ನೀನು ಬಂದ್ಯಲ್ಲ!"

ಏದುಸಿರು ಬಿಡುತ್ತ ಬಂದ ಮೇಷ್ಟ್ರು ಚರಂಡಿಯನ್ನೇ ನೋಡಿದರು. "ಇದು ಖಾಲಿ ಇದ್ದಿದ್ರೆ ವಿಮಾನ ಬುಡಮೇಲಾಗ್ತಿತ್ತು... ಎಂಥ ಮುಂದಾಲೋಚನೆ ಅಜ್ಜ ನಿಮ್ದು!"

"ಎಲ್ಲಿಯ ಮುಂದಾಲೋಚನೆ ಸ್ವಾಮಿ! ಹೊರೋಕೆ ಬೇಜಾರು." ಆಮೇಲೆ ಮೇಷ್ಟ್ರ ಹಿಂದೆಯೇ ಓಡಿಬಂದಿದ್ದ ಮ್ಯಾನೇಜರರತ್ತ ತಿರುಗಿ, "ಸೋಮವಾರದೊಳಗೆ ತೆಗೀತೀನಿ ಸಾರ್," ಎಂದ.

"ಒಂದು ಹಿಡಿ ಮುಟ್ಟಿ ನೋಡು! ಅವತ್ತೇ ಮನೆಗೆ ಕಳಿಸ್ತೀನಿ."

ನೀರು ಹೋಗಲು ಅಡಿಯಲ್ಲಿ ಪೈಪು ಹಾಕಿಸಿದರು.

ತಿಂಗಳಾದ ಮೇಲೆ ಕಡ್ಡಿ ಮತ್ತೆ ಒಬ್ಬಳೇ ಹಾರಿದಳು. ಈ ಸಲ ರನ್‌ವೇಯ ಆರಂಭದಲ್ಲೇ ನೆಲ ಮುಟ್ಟಿ, ಅರ್ಧ ದೂರಕ್ಕೇ ನಿಲ್ಲಿಸಿದಳು. ಆಮೇಲೆ ಗೇಟಿನ ಬಳಿ ಹುಲ್ಲಜ್ಜ ಕತ್ತರಿಸಿ ಹಾಗೇ ಬಿಟ್ಟಿದ್ದ ಹುಲ್ಲನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಅಷ್ಟೂ ದೂರ ನಡೆದುಬಂದು ಚರಂಡಿಗೆ ಸುರಿದಳು.

"ಯಾಕೆ ತಾಯಿ ಇಷ್ಟು ದೂರ ಹೊತ್ತೆ?" ಎಂದ ಹುಲ್ಲಜ್ಜ.

"ನೀವು ಹೊರಲ್ವಲ್ಲ, ಅದಕ್ಕೆ."